ಗಾಂಧಾರವನ್ನು ಇಳಿಸಿಕೊಟ್ಟ ಅಂಗಡಿ

ದಾವಣಗೆರೆಯ ಹಳೇ ಪೇಟೆಯಲ್ಲಿ, ದುಗ್ಗಮ್ಮನ ಗುಡಿಯ ಕಡೆಗೆ ಹೋಗುವಾಗ ಸಿಗುವ ಒಂದು ಓಣಿಯಲ್ಲಿ, ಹಾರ್ಮೋನಿಯಂ ರಿಪೇರಿ ಮಾಡುವ ಸಣ್ಣ ಅಂಗಡಿಯೊಂದಿದೆ. ಬೋರ್ಡು ಇಲ್ಲ. ಬಾಗಿಲಲ್ಲಿ ಬಿಚ್ಚಿಟ್ಟ ತಿದಿಗಳೇ ಗುರುತು. ವಚನಗಳಿಗೆ ರಾಗ ಹಾಕುವುದು ನನ್ನ ಬಹುಕಾಲದ ಹವ್ಯಾಸ. ಅದಕ್ಕೆ ಬಳಸುವ, ಮೂವತ್ತೇಳು ಮನೆಗಳ (ಬೆರಳಿಂದ ಒತ್ತುವ ಪಟ್ಟಿಗಳ) ಹಳೆಯ ಹಾರ್ಮೋನಿಯಂ ಪೆಟ್ಟಿಗೆಯನ್ನು ಕಳೆದ ಮಳೆಗಾಲದ ಕೊನೆಯಲ್ಲಿ ಇಲ್ಲಿ ಕೊಟ್ಟಿದ್ದೆ. ಅದು ಮರಳಿ ಬಂದ ಮೇಲೆ ಕೆಲವು ತಿಂಗಳು ನುಡಿಸಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಹಿಂದೆ ಬೇರೊಂದು ಊರಿನಲ್ಲಿ ರಿಪೇರಿಗೆ ಕೊಟ್ಟಾಗ ಎಷ್ಟು ರೀಡು (ಗಾಳಿಗೆ ಕಂಪಿಸಿ ದನಿ ಕೊಡುವ ಹಿತ್ತಾಳೆಯ ನಾಲಿಗೆ) ಸತ್ತಿವೆ ಎಂದು ಎಣಿಸಿ ಚೀಟಿ ಬರೆದುಕೊಟ್ಟಿದ್ದರು, ಅಷ್ಟೇ. ಇಲ್ಲಿಯ ಮಾಸ್ತರು ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲೇ, "ಯಾವ ಮನೆಗೆ ಹಾಡ್ತೀರಿ? ಒಬ್ಬರೇ ಕೂತು ನುಡಿಸ್ತೀರೋ, ಕಾರ್ಯಕ್ರಮಕ್ಕೂ ಒಯ್ತೀರೋ?" ಎಂದು ಕೇಳಿದರು. ಕಪ್ಪು ಒಂದು, ಅಂದರೆ ಮೊದಲ ಕಪ್ಪು ಮನೆ, ನನ್ನ ಷಡ್ಜ (ಹಾಡಿಗೆ ಆಧಾರವಾದ 'ಸ'), ಮನೆಯಲ್ಲಿ ಬೆಳಿಗ್ಗೆ ರಾಗ ಹುಡುಕುವುದಕ್ಕಷ್ಟೇ ಈ ಪೆಟ್ಟಿಗೆ ಎಂದೆ. ಹಾಗಾದರೆ ಗಾಂಧಾರವನ್ನು (ಸರಿಗಮದ 'ಗ') ಇಳಿಸಿಬಿಡೋಣವೇ ಎಂದರು.

ಆ ಪ್ರಶ್ನೆಯ ತೂಕ ಗೊತ್ತಾಗಬೇಕಾದರೆ ಸ್ವಲ್ಪ ವಿವರಿಸಬೇಕು. ಯಾವ ಮನೆಯನ್ನು ಷಡ್ಜ ಮಾಡಿಕೊಂಡರೂ ನುಡಿಸಲು ಬರಲಿ ಎಂದು ಹಾರ್ಮೋನಿಯಂನ ಸಪ್ತಕವನ್ನು, ಅಂದರೆ ಒಂದು ಷಡ್ಜದಿಂದ ಮುಂದಿನ ಷಡ್ಜದವರೆಗಿನ ಅಂತರವನ್ನು, ಹನ್ನೆರಡು ಸಮಪಾಲು ಮಾಡಿರುತ್ತಾರೆ. ಒಂದು ಪಾಲಿಗೆ 100 ಸೆಂಟ್ ಎಂದು ಲೆಕ್ಕ ಹಿಡಿದರೆ, ತಂಬೂರಿಯ ಜೊತೆ ಹಾಡುವಾಗ ಕಂಠ ತಾನಾಗಿ ಹೋಗಿ ನಿಲ್ಲುವ ಶುದ್ಧ ಗಾಂಧಾರಕ್ಕಿಂತ ಪೆಟ್ಟಿಗೆಯ ಗಾಂಧಾರ ಸುಮಾರು 14 ಸೆಂಟ್ ಮೇಲಿರುತ್ತದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿ, ಮೂರು ದಶಕ ಅದನ್ನು ಹೊರಗಿಟ್ಟಿದ್ದಕ್ಕೆ ಈ ಕದಲದ ಸ್ವರಗಳ ಮೇಲಿನ ದೂರೂ ಒಂದು ಕಾರಣ. ಸ್ವರಗಳನ್ನು ಒಂದೇ ಷಡ್ಜಕ್ಕೆ ಕೂಡಿಸಿದರೆ ಈ ತೊಡಕು ಹೋಗುತ್ತದೆ, ಆದರೆ ಬೇರೆ ಶ್ರುತಿಯವರಿಗೆ ಆ ಪೆಟ್ಟಿಗೆ ಒದಗುವುದಿಲ್ಲ. ನಾನು ಒಪ್ಪಿದೆ.

ಮಾಸ್ತರು ಕೆಲಸ ಮಾಡುವುದನ್ನು ಒಂದು ಮಧ್ಯಾಹ್ನ ಕೂತು ನೋಡಿದೆ. ಎರಡು ಸಾಲು ಸೇರಿ 74 ರೀಡುಗಳು. ಮೂರು ಸಪ್ತಕಗಳ ಗಾಂಧಾರಕ್ಕೇ ಆರು. ಹಿತ್ತಾಳೆಯ ನಾಲಿಗೆಯ ಕೆಳಗೆ ತೆಳುವಾದ ಉಕ್ಕಿನ ಪಟ್ಟಿಯನ್ನು ತೂರಿಸಿ, ಬುಡದ ಬಳಿ ಸಣ್ಣ ಅರದಿಂದ ಎರಡೇ ಸಲ ಕೆರೆದು, ಪುಡಿಯನ್ನು ಬ್ರಷ್ಷಿನಿಂದ ಒರೆಸಿ, ಮತ್ತೆ ಕೂರಿಸಿ, ಷಡ್ಜದ ಜೊತೆ ಒತ್ತಿ ಕಿವಿಗೊಡುತ್ತಿದ್ದರು. ಮೊದಲು ಆ ಜೋಡಿ ಸ್ವರದಲ್ಲಿ ಒಂದು ನಡುಕವಿತ್ತು. ನಾಲ್ಕನೆಯ ಸಲ ಕೂರಿಸಿ ಒತ್ತಿದಾಗ ನಡುಕ ನಿಂತು, ಎರಡು ಸ್ವರ ಒಂದೇ ಉಸಿರಿನಲ್ಲಿ ಹೊರಟಂತೆ ಕೇಳಿಸಿತು.

ಇದರಿಂದ ನನ್ನ ರಾಗ ಸಂಯೋಜನೆಯ ರೀತಿಯೇ ಬದಲಾಯಿತು. ವಚನಕ್ಕೆ ಕೀರ್ತನೆಯಂತೆ ಪಲ್ಲವಿ, ಚರಣಗಳ ಕಟ್ಟಿಲ್ಲ. ಸಾಲುಗಳು ಒಂದೇ ಅಳತೆಯವಲ್ಲ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ವಚನಗಾಯನವನ್ನು ಕೇಳುತ್ತ ಬೆಳೆದ ನನಗೆ, ಮಾತು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಸ್ವರವೂ ನಿಲ್ಲಬೇಕೆಂಬುದು ತಿಳಿದಿತ್ತು. ಆದರೂ ನನ್ನ ಭೂಪ ರಾಗದ ಸಂಯೋಜನೆಗಳಲ್ಲಿ ಸಾಲುಗಳು ಪಂಚಮಕ್ಕೋ ಷಡ್ಜಕ್ಕೋ ಹೋಗಿ ನಿಲ್ಲುತ್ತಿದ್ದವೇ ಹೊರತು, ಆ ರಾಗದ ವಾದಿ (ಮುಖ್ಯ) ಸ್ವರವಾದ ಗಾಂಧಾರದಲ್ಲಿ ನಿಲ್ಲುತ್ತಿರಲಿಲ್ಲ. ಇದನ್ನು ನನ್ನ ಅಭಿರುಚಿಯೆಂದೇ ಇಷ್ಟು ವರ್ಷ ನಂಬಿದ್ದೆ. ರಿಪೇರಿಯ ನಂತರ ಕೂಡಿಸಿದ ಮೊದಲ ವಚನದಲ್ಲಿ ಮೂರು ಸಾಲು ಗಾಂಧಾರದಲ್ಲೇ ತಂಗಿದವು. ಇಷ್ಟು ದಿನ ನನ್ನ ಕಿವಿ ಆ ಸ್ವರದಿಂದ ತಪ್ಪಿಸಿಕೊಂಡು ಓಡಾಡುತ್ತಿತ್ತೆಂಬುದು ಆಗ ಅರಿವಾಗಿ ಹಳೆಯ ಪುಸ್ತಕ ತೆರೆದು ಐದು ಸಂಯೋಜನೆಗಳನ್ನು ತಿದ್ದಿದೆ.

ಮಾಸ್ತರು ಹಿಂದೆ ನಾಟಕ ಕಂಪನಿಯೊಂದರಲ್ಲಿ ಕಾಲ್ಪೆಟ್ಟಿಗೆ (ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ) ನುಡಿಸಿದವರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಈ ಊರಿನಲ್ಲಿ ಅಂಥವರು ಸಿಗುವುದು ಆಶ್ಚರ್ಯವಲ್ಲ. ಕಂಪನಿಯಲ್ಲಿ ಎಷ್ಟೋ ಸಲ ಮಟ್ಟು ಮೊದಲು ಸಿದ್ಧವಾಗುತ್ತಿತ್ತು, ಕವಿಗಳು ಪೆಟ್ಟಿಗೆಯ ಪಕ್ಕ ಕೂತು ಅದಕ್ಕೆ ಮಾತು ತುಂಬುತ್ತಿದ್ದರು ಎಂದು ಅವರು ಹೇಳಿದರು. ನನ್ನದು ಅದರ ತಿರುಗುಮುರುಗು. ಮಾತು ಮೊದಲೇ ಇದೆ, ಸ್ವರವನ್ನು ಹುಡುಕಬೇಕು. ಈ ವ್ಯತ್ಯಾಸವನ್ನು ಬಲ್ಲವರಾದ್ದರಿಂದಲೇ, ವೇದಿಕೆಯ ಪೆಟ್ಟಿಗೆಗೆ ಬೇಕಾದ ಜೋರು ದನಿಯ ಬದಲು ನನ್ನದಕ್ಕೆ ಮೆದು ದನಿ ಉಳಿಸಿ, ಸ್ವಲ್ಪ ಗಾಳಿಗೇ ರೀಡು ಮಾತಾಡುವಂತೆ ಮಾಡಿಕೊಟ್ಟರು.

ಕೊರತೆಗಳೂ ಇವೆ. ಹತ್ತು ದಿನವೆಂದವರು ಇಪ್ಪತ್ಮೂರು ದಿನ ತೆಗೆದುಕೊಂಡರು, ಫೋನು ಎತ್ತುವುದು ಅಪರೂಪ, ರಸೀದಿ ಕೊಡುವುದಿಲ್ಲ. ಮುಂಭಾಗದ ಎರಡು ಹಳೆಯ ಗುಂಡಿಗಳು ಕಳೆದುಹೋಗಿ, ಬೇರೆ ಬಣ್ಣದವು ಬಂದಿವೆ. ತಿದಿಯ ಬಟ್ಟೆಯೂ ಸೇರಿ 3,200 ರೂಪಾಯಿಯಾಯಿತು. ಕೆಲಸ ನೋಡಿದರೆ ಅದು ಹೆಚ್ಚಲ್ಲ.

ಶಾಲೆಯ ಮಕ್ಕಳಿಗೆ ಬೇರೆ ಬೇರೆ ಶ್ರುತಿಯಲ್ಲಿ ಹಾಡಿಸುವವರು ರಿಪೇರಿಯನ್ನಷ್ಟೇ ಮಾಡಿಸಿಕೊಂಡರೆ ಸಾಕು. ಒಂದೇ ಶ್ರುತಿಯಲ್ಲಿ ಕೂತು ರಾಗ ಕಟ್ಟುವವರು ಮಾತ್ರ ಶ್ರುತಿಯ ಕೆಲಸವನ್ನೂ ಕೇಳಿ. ಆದರೆ ಹೋಗುವ ಮುನ್ನ ಒಂದು ವಾರ ತಂಬೂರಿಯ ಜೊತೆ ಹಾಡಿ ನಿಮ್ಮ ಷಡ್ಜವನ್ನು ಖಚಿತ ಮಾಡಿಕೊಳ್ಳಿ. ಇಳಿಸಿದ ಸ್ವರವನ್ನು ಮತ್ತೆ ಏರಿಸಬೇಕಾದರೆ ನಾಲಿಗೆಯ ತುದಿಯನ್ನು ಕೆರೆಯಬೇಕಾಗುತ್ತದೆ, ಹಾಗೆ ಎರಡೂ ಕಡೆ ತೆಳುವಾದ ರೀಡು ಹೆಚ್ಚು ದಿನ ಬಾಳುವುದಿಲ್ಲ.