ಮಹೀಂದ್ರ ಎಂಎಂ 540 ಡೀಸೆಲ್ ಜೀಪು: ಸ್ವತಃ ರಿಪೇರಿ ಮಾಡಿಕೊಳ್ಳುವವರ ದೃಷ್ಟಿಯಿಂದ ಒಂದು ವಿಮರ್ಶೆ

ಹಳೆಯ ಡೀಸೆಲ್ ಜೀಪನ್ನು ಕೊಳ್ಳಲು ಹೊರಟವರು ಅದು ಎಷ್ಟು ಓಡಿದೆ, ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಮೊದಲು ವಿಚಾರಿಸುತ್ತಾರೆ. ಮಹೀಂದ್ರ ಎಂಎಂ 540ರ ಮಟ್ಟಿಗೆ ಈ ಎರಡಕ್ಕಿಂತ ಮುಖ್ಯವಾದ ವಿಚಾರಣೆ ಇನ್ನೊಂದಿದೆ: ಹಿಂದಿನ ಮಾಲೀಕರು ಇದಕ್ಕೆ ಏನೇನು ಜೋಡಿಸಿದ್ದಾರೆ, ಇದರಿಂದ ಏನೇನು ಕಿತ್ತು ಹಾಕಿದ್ದಾರೆ? ಈ ವಾಹನದ ಬೆಲೆ ಇರುವುದೇ ಅದರ ಬಹುತೇಕ ದೋಷಗಳು ಕಣ್ಣಿಗೆ ಕಾಣುವಂತೆ ಮತ್ತು ಕೈಗೆ ಎಟಕುವಂತೆ ಇರುವುದರಲ್ಲಿ. ಆ ಗುಣವನ್ನು ಉಳಿಸುವ ಮಾರ್ಪಾಡು ಒಳ್ಳೆಯದು, ಅದನ್ನು ಮರೆಮಾಚುವ ಮಾರ್ಪಾಡು ಎಷ್ಟೇ ಆಕರ್ಷಕವಾಗಿದ್ದರೂ ಬೇಡವೆಂಬುದು ಮಲೆನಾಡಿನ ತೋಟದ ದಾರಿಗಳಲ್ಲಿ ಇದನ್ನು ದೀರ್ಘಕಾಲ ಬಳಸಿ, ಬಿಚ್ಚಿ, ಮರಳಿ ಜೋಡಿಸಿ ನಾನು ತಲುಪಿರುವ ತೀರ್ಮಾನ.

ಇದರ ಚಾಸಿ ಮತ್ತು ಹೌಸಿಂಗ್‌ಗಳು (ಚಕ್ರಗಳ ಆಕ್ಸಲ್ ಇರುವ ಕವಚಗಳು) ಅಮೆರಿಕದ ವಿಲ್ಲಿಸ್ ಜೀಪಿನ ವಂಶದವು; ಎಂಜಿನ್ ಮಾತ್ರ ಫ್ರಾನ್ಸಿನ ಪ್ಯೂಜೊ ಕಂಪನಿಯದು. ಮಹೀಂದ್ರ 1979ರಲ್ಲಿ ಅದರ ತಯಾರಿಕೆಗೆ ಪರವಾನಗಿ ಪಡೆಯಿತು. ಎಕ್ಸ್‌ಡಿಪಿ 4.90 ಎಂಬ ಹೆಸರಿನಲ್ಲಿಯೇ ಅದರ ಅಳತೆ ಇದೆ: ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ). ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 83 ಮಿ.ಮೀ. ಆಗಿರುವುದರಿಂದ ಒಟ್ಟು 2,112 ಸಿಸಿ ಆಗುತ್ತದೆ. ಅರವತ್ತರ ಆಸುಪಾಸಿನ ಅಶ್ವಶಕ್ತಿ ಇಂದಿನ ಲೆಕ್ಕದಲ್ಲಿ ಕಡಿಮೆಯೇ. ಆದರೆ ಲೋ ಗೇರಿನಲ್ಲಿ ಕೊಡಚಾದ್ರಿಯಂಥ ಏರನ್ನು ಹತ್ತಲು ಬೇಕಾಗುವುದು ವೇಗವಲ್ಲ, ಚಕ್ರವನ್ನು ನಿಧಾನವಾಗಿ ಮತ್ತು ನಿಲ್ಲದೆ ತಿರುಗಿಸುವ ಬಲ; ಅದು ಇದರಲ್ಲಿ ಸಾಕಷ್ಟಿದೆ.

ಈ ಎರಡು ಮೂಲಗಳ ಬೆಸುಗೆಯಿಂದ ಮನೆಯಲ್ಲಿ ಕೆಲಸ ಮಾಡುವವರಿಗೆ ಒಂದು ತೊಡಕಿದೆ. ಎಂಜಿನ್ನಿನ ಬೋಲ್ಟುಗಳು ಮಿಲಿಮೀಟರ್ ಅಳತೆಯವು, ಹೌಸಿಂಗ್ ಮತ್ತು ಚಾಸಿಯ ಬಹಳಷ್ಟು ಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚಿನ ತಲೆಯ ಬೋಲ್ಟಿಗೆ 13 ನಂಬರ್ ಪಾನಾ ಹೇಗೋ ಕೂರುತ್ತದೆ, ಆದರೆ ತುಕ್ಕು ಹಿಡಿದ ಬೋಲ್ಟಿನ ಮೇಲೆ ಬಲ ಹಾಕಿದೊಡನೆ ಮೂಲೆ ಸವೆದು ತಲೆ ಉರುಟಾಗುತ್ತದೆ. ಎರಡೂ ಬಗೆಯ ಪಾನಾ ಸೆಟ್ಟುಗಳನ್ನು ಕೊಂಡ ಮೇಲೆಯೇ ಜೀಪಿಗೆ ಕೈ ಹಾಕುವುದು ಉತ್ತಮ.

ಮನೆಯಲ್ಲಿ ಮಾಡಲೇಬೇಕಾಗಿ ಬರುವ ಕೆಲಸಗಳಲ್ಲಿ ಮೊದಲನೆಯದು ಏರ್ ತೆಗೆಯುವುದು. ಡೀಸೆಲ್ ಖಾಲಿಯಾದಾಗ ಅಥವಾ ಫಿಲ್ಟರ್ ಬದಲಿಸಿದಾಗ ಪೈಪಿನೊಳಗೆ ಗಾಳಿ ಸೇರುತ್ತದೆ. ಡೀಸೆಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹಾಗಾಗಿ ಪಂಪ್ ಎಷ್ಟು ಒತ್ತಿದರೂ ಡೀಸೆಲ್ ಸಿಂಪಡಿಸುವ ನಾಜಲ್ ತೆರೆಯುವಷ್ಟು ಒತ್ತಡ ಏಳುವುದಿಲ್ಲ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪನ್ನು ಒತ್ತಿ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಅನಂತರ ಅಗತ್ಯವಿದ್ದರೆ ನಾಜಲ್‌ಗಳ ಬಳಿಯ ನಟ್‌ಗಳನ್ನು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಸಡಿಲಿಸಿದ ನಟ್ಟಿನ ಎದುರಿಗೆ ಬೆರಳು ಹಿಡಿಯಲೇಬಾರದು, ಏಕೆಂದರೆ ನಾಜಲ್ ತೆರೆಯುವ ಒತ್ತಡ ನೂರು ಬಾರ್‌ಗೂ ಹೆಚ್ಚು. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ, ಮತ್ತು ಅಂಥ ಗಾಯ ಹೊರಗಿನಿಂದ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದಂಥದ್ದು.

ಏರ್ ಪದೇ ಪದೇ ಸೇರುತ್ತಿದ್ದರೆ ಹುಡುಕಬೇಕಾದದ್ದು ಟ್ಯಾಂಕಿನಿಂದ ಪಂಪಿನವರೆಗಿನ ಎಳೆಯುವ ಪೈಪಿನಲ್ಲಿ. ಅಲ್ಲಿ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆ ಇರುವುದರಿಂದ ರಬ್ಬರ್ ಪೈಪ್ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿಯೇ ಸೋರಿಕೆಯ ಕಲೆ ಹುಡುಕುವವರಿಗೆ ಏನೂ ಸಿಗುವುದಿಲ್ಲ. ಫಿಲ್ಟರಿಗೆ ಮೊದಲು ಗೇಣುದ್ದದ ಪಾರದರ್ಶಕ ಡೀಸೆಲ್ ಪೈಪ್ ಹಾಕಿದರೆ ಗುಳ್ಳೆಗಳು ನೇರವಾಗಿ ಕಾಣುತ್ತವೆ. ನೀರು ಕೆಳಗೆ ನಿಲ್ಲುವಂಥ ಗಾಜಿನ ಬಟ್ಟಲಿನ ಸೆಪರೇಟರ್ ಜೋಡಿಸುವುದನ್ನೂ ನಾನು ಶಿಫಾರಸು ಮಾಡುತ್ತೇನೆ. ಮಳೆಗಾಲದಲ್ಲಿ ಕ್ಯಾನಿನಿಂದ ಡೀಸೆಲ್ ತುಂಬಿಸುವ ತೋಟಗಳಲ್ಲಿ ನಾಜಲ್ ಹಾಳಾಗುವುದನ್ನು ತಪ್ಪಿಸುವ ಅಗ್ಗದ ಉಪಾಯ ಇದು. ಆದರೆ ಇಂಜೆಕ್ಷನ್ ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಅದರ ಬಿಡಿಭಾಗಗಳ ನಡುವಿನ ಅಂತರ ಮೈಕ್ರಾನ್‌ಗಳದ್ದು, ಹೊಂದಿಸಲು ಟೆಸ್ಟ್ ಬೆಂಚ್ ಬೇಕು. 1951ರಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಎಂಬ ಹೆಸರು ಪಡೆದ ಬೆಂಗಳೂರು ಆಡುಗೋಡಿಯ ಮೈಕೋ ಕಂಪನಿಯ ಕೃಪೆಯಿಂದ ಡೀಸೆಲ್ ಪಂಪಿನ ಕೆಲಸ ಬಲ್ಲವರು ನಮ್ಮ ಜಿಲ್ಲಾ ಕೇಂದ್ರಗಳಲ್ಲಿಯೂ ಸಿಗುತ್ತಾರೆ. ಪಂಪನ್ನು ಇಳಿಸಿ ಅವರಿಗೆ ಒಪ್ಪಿಸುವುದೇ ಸರಿ.

ಚಳಿಯ ಬೆಳಿಗ್ಗೆ ಸ್ಟಾರ್ಟ್ ಆಗಲು ಕಷ್ಟಪಟ್ಟು ಬಿಳಿ ಹೊಗೆ ಉಗುಳುವ ಎಕ್ಸ್‌ಡಿಪಿ ಎಂಜಿನ್ನಿನಲ್ಲಿ ಮೊದಲು ನೋಡಬೇಕಾದದ್ದು ಹೀಟರ್ ಪ್ಲಗ್. ಡೀಸೆಲ್ ಇಲ್ಲಿ ಪಿಸ್ಟನ್ನಿನ ನೆತ್ತಿಯ ಮೇಲೆ ನೇರವಾಗಿ ಬೀಳದೆ ಹೆಡ್ಡಿನೊಳಗಿನ ಪುಟ್ಟ ಕೋಣೆಯಲ್ಲಿ ಉರಿಯುವುದರಿಂದ, ತಣ್ಣಗಿರುವಾಗ ಆ ಕೋಣೆಯನ್ನು ಕಾಯಿಸಲೇಬೇಕು. ಎಲ್ಲ ಪ್ಲಗ್‌ಗಳನ್ನು ಜೋಡಿಸುವ ಪಟ್ಟಿಯನ್ನು ತೆಗೆದು, ಬ್ಯಾಟರಿಯ ಪಾಸಿಟಿವ್‌ನಿಂದ ಟೆಸ್ಟ್ ಲ್ಯಾಂಪ್ ಮೂಲಕ ಒಂದೊಂದೇ ಪ್ಲಗ್ಗಿಗೆ ಮುಟ್ಟಿಸಿದರೆ ಸುಟ್ಟಿರುವುದು ಯಾವುದೆಂದು ಗೊತ್ತಾಗುತ್ತದೆ. ಪಟ್ಟಿಯನ್ನು ತೆಗೆಯದೆ ಪರೀಕ್ಷಿಸಿದರೆ ಒಂದೇ ಒಂದು ಪ್ಲಗ್ ಸರಿಯಿದ್ದರೂ ಲ್ಯಾಂಪ್ ಉರಿದು ಎಲ್ಲವೂ ಸರಿಯಿರುವಂತೆ ತೋರುತ್ತದೆ.

ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ಥರ್ಮೋಸ್ಟಾಟನ್ನು ಕಿತ್ತು ಹಾಕುವ ಪದ್ಧತಿಯ ಬಗ್ಗೆ ನನಗೆ ತೀವ್ರವಾದ ಆಕ್ಷೇಪವಿದೆ. ಎಂಜಿನ್ ಬಿಸಿಯಾಗುತ್ತದೆಂದು ದೂರಿದವರಿಗೆ ಅನೇಕ ಗ್ಯಾರೇಜುಗಳಲ್ಲಿ ಸಿಗುವ ಮೊದಲ ಪರಿಹಾರವೇ ಇದು. ಅದರಿಂದ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಳಗಿಳಿಯುತ್ತದೆ, ಆದರೆ ಕಟ್ಟಿದ ರೇಡಿಯೇಟರ್, ಸಡಿಲ ಫ್ಯಾನ್ ಬೆಲ್ಟ್, ಸೋರುವ ಹೆಡ್ ಗ್ಯಾಸ್ಕೆಟ್ ಹಾಗೆಯೇ ಉಳಿಯುತ್ತವೆ. ಎಂಜಿನ್ ತನ್ನ ಕೆಲಸದ ಬಿಸಿಗೆ ಬೇಗ ಬಾರದೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಹೆಚ್ಚುತ್ತದೆ, ಸಿಲಿಂಡರ್ ಸವೆಯುತ್ತದೆ. ಥರ್ಮೋಸ್ಟಾಟನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಅದು ತೆರೆಯುತ್ತದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ.

ಮುಂದಿನ ಹೌಸಿಂಗ್ ಈ ಜೀಪಿನ ಅತ್ಯಂತ ಕುತೂಹಲದ ಭಾಗ ಮತ್ತು ಮಾರ್ಪಾಡುಗಳ ಅನ್ಯಾಯವನ್ನು ಅತಿ ಹೆಚ್ಚು ಅನುಭವಿಸುವ ಭಾಗ. ಒಂದು ನಿರ್ದಿಷ್ಟ ವೇಗದಲ್ಲಿ ಗುಂಡಿಯೊಂದನ್ನು ದಾಟಿದೊಡನೆ ಮುಂದಿನ ಚಕ್ರಗಳು ಎಡಬಲಕ್ಕೆ ಬಡಿದುಕೊಂಡು ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ನಡುಗುವುದು ಹಳೆಯ ಜೀಪು ಓಡಿಸಿದ ಬಹುತೇಕರಿಗೆ ಗೊತ್ತಿರುವ ಸಂಗತಿ. ಇದಕ್ಕೆ ಸ್ಟಿಯರಿಂಗ್ ಡ್ಯಾಂಪರ್ ಹಾಕಿಸುವುದು ಜನಪ್ರಿಯ ಉಪಾಯ. ಡ್ಯಾಂಪರ್ ನಡುಕವನ್ನು ಹೀರಿಕೊಳ್ಳುತ್ತದೆ, ಆದರೆ ನಡುಕದ ಮೂಲ ಸಾಮಾನ್ಯವಾಗಿ ಸವೆದ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ) ಬೇರಿಂಗ್, ಎರಡು ಚಕ್ರಗಳನ್ನು ಜೋಡಿಸುವ ಟೈರಾಡಿನ ಸಡಿಲವಾದ ಎಂಡ್ ಅಥವಾ ಉರುಟು ಕೆಟ್ಟ ಟೈರ್. ಚಕ್ರವನ್ನು ಜಾಕಿಯಲ್ಲಿ ಎತ್ತಿ, ಚಾಸಿಗೆ ಭದ್ರವಾದ ಸ್ಟ್ಯಾಂಡ್ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಕಂಡರೆ ವೀಲ್ ಬೇರಿಂಗನ್ನೂ ಕಿಂಗ್ ಪಿನ್ನನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು: ಒಬ್ಬರು ಬ್ರೇಕ್ ತುಳಿದು ಹಿಡಿದಾಗಲೂ ಆಟ ಉಳಿದರೆ ಅದು ಕಿಂಗ್ ಪಿನ್ನಿನದು. ಅಲ್ಲಿನ ಬಿಗಿಯನ್ನು ಹೊಂದಿಸುವುದು ಶಿಮ್ ಎಂಬ ತೆಳ್ಳನೆಯ ಲೋಹದ ಬಿಲ್ಲೆಗಳಿಂದ. ಒಂದೆರಡನ್ನು ತೆಗೆದು, ಟೈರಾಡ್ ಕಳಚಿ, ಸ್ಪ್ರಿಂಗ್ ತಕ್ಕಡಿಯಿಂದ ಸ್ಟಿಯರಿಂಗ್ ನಕಲ್ ಅನ್ನು (ಕಿಂಗ್ ಪಿನ್ನಿನ ಮೇಲೆ ತಿರುಗುವ ಗೆಣ್ಣನ್ನು) ಎಳೆದು ನೋಡಿ, ಎರಡೂ ಬದಿಯಲ್ಲಿ ಸಮವಾದ ಪ್ರತಿರೋಧ ಬರುವವರೆಗೆ ತಾಳ್ಮೆಯಿಂದ ಮಾಡಬೇಕು. ಮನೆಯ ಅಂಗಳದಲ್ಲಿ ಸ್ಟಿಯರಿಂಗ್ ಜೋಡಣೆಯ ಇಷ್ಟು ನಿಖರವಾದ ಕೆಲಸಕ್ಕೆ ಅವಕಾಶ ಕೊಡುವ ವಾಹನಗಳು ಈಗ ವಿರಳವಾಗಿವೆ. ಇದನ್ನೆಲ್ಲ ಸರಿಪಡಿಸಿದ ಮೇಲೂ ಡ್ಯಾಂಪರ್ ಬೇಕೆನಿಸಿದರೆ ಹಾಕಿಸಬಹುದು, ಮೊದಲೇ ಹಾಕಿಸುವುದು ಅಪಾಯ.

ಎತ್ತರಿಸುವ ಮೋಹವೂ ಇಲ್ಲಿಗೇ ಬಂದು ಮುಟ್ಟುತ್ತದೆ. ಪ್ಲೇಟಿನ (ಪಟ್ಟಿ ಸ್ಪ್ರಿಂಗಿನ) ಕೊನೆಯಲ್ಲಿ ಅದನ್ನು ಚಾಸಿಗೆ ತೂಗುಹಾಕುವ ಶಾಕಲನ್ನು ಉದ್ದದ್ದು ಹಾಕಿ ಜೀಪನ್ನು ಎತ್ತರಿಸಿದರೆ ಮುಂದಿನ ಹೌಸಿಂಗ್ ತನ್ನ ಅಕ್ಷದಲ್ಲಿ ತುಸು ತಿರುಗಿ ಕ್ಯಾಸ್ಟರ್ ಕೋನ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಬದಲಾಗುತ್ತದೆ, ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣವನ್ನು ಕಳೆದುಕೊಳ್ಳುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟುಗಳು ಓರೆಯಾಗಿ ತಿರುಗಿ ಬೇಗ ಸವೆಯುತ್ತವೆ. ಕೂತುಹೋದ ಪ್ಲೇಟುಗಳನ್ನು ಬದಲಿಸಿ, ಶಾಕಲ್ ಬುಷ್‌ಗಳಿಗೆ ನಿಯಮಿತವಾಗಿ ಗ್ರೀಸ್ ಕೊಟ್ಟರೆ ತೋಟದ ದಾರಿಗೆ ಬೇಕಾದ ಎತ್ತರ ಮರಳಿ ಬರುತ್ತದೆ. ಮುಂದಿನ ಚಕ್ರವನ್ನು ಆಕ್ಸಲ್‌ನಿಂದ ಬೇಕಾದಾಗ ಬಿಡಿಸುವ ಫ್ರೀ ವೀಲಿಂಗ್ ಹಬ್ ಇದಕ್ಕೆ ತದ್ವಿರುದ್ಧ, ಕೊಟ್ಟ ಹಣಕ್ಕೆ ನ್ಯಾಯ ಒದಗಿಸುವ ಜೋಡಣೆ. ಟಾರು ರಸ್ತೆಯಲ್ಲಿ ಮುಂದಿನ ಆಕ್ಸಲ್, ಕ್ರೌನ್ ಪಿನಿಯನ್ ಸುಮ್ಮನೆ ತಿರುಗುವುದನ್ನು ಅದು ತಪ್ಪಿಸುತ್ತದೆ. ಬೇಸಿಗೆಯಲ್ಲಿಯೂ ಆಗಾಗ ಲಾಕ್ ಮಾಡಿ ಸ್ವಲ್ಪ ದೂರ ಓಡಿಸಬೇಕು, ಇಲ್ಲದಿದ್ದರೆ ಒಳಗಿನ ಬೇರಿಂಗುಗಳಿಗೆ ಎಣ್ಣೆ ತಲುಪುವುದಿಲ್ಲ.

ಬ್ರೇಕಿನ ವಿಷಯದಲ್ಲಿ ಈ ಜೀಪಿಗೆ ಕಡಿಮೆ ಅಂಕ ಕೊಡಬೇಕಾಗುತ್ತದೆ. ಹಳ್ಳ ದಾಟಿದ ಮೇಲೆ ಡ್ರಮ್ಮುಗಳು ಒದ್ದೆಯಾಗಿ ಹಿಡಿಯುವುದಿಲ್ಲ. ಪೆಡಲನ್ನು ಹಗುರವಾಗಿ ತುಳಿಯುತ್ತ ಸ್ವಲ್ಪ ದೂರ ಹೋಗಿ ಒಣಗಿಸಿಕೊಳ್ಳಬೇಕು. ಮುಂದೆ ಡಿಸ್ಕ್ ಹಾಕಿಸುವವರು ಪೆಡಲಿನ ಬಲ ಹೆಚ್ಚಿಸುವ ಬೂಸ್ಟರಿಗೆ ನಿರ್ವಾತ ಎಲ್ಲಿಂದ ಬರುತ್ತದೆಂಬುದನ್ನು ಮೊದಲು ಯೋಚಿಸಬೇಕು. ಪೆಟ್ರೋಲ್ ಎಂಜಿನ್ನಿನಂತೆ ಥ್ರಾಟಲ್ ಇಲ್ಲದ ಡೀಸೆಲ್ ಎಂಜಿನ್ನಿನ ಇನ್‌ಟೇಕಿನಲ್ಲಿ ಸಾಕಷ್ಟು ನಿರ್ವಾತ ಹುಟ್ಟುವುದಿಲ್ಲವಾದ್ದರಿಂದ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕು. ಅದು ಆಲ್ಟರ್ನೇಟರಿನ ಹಿಂದೆ ಕೂತು ಎಂಜಿನ್ ಆಯಿಲಿನಿಂದಲೇ ನಡೆಯುವಂಥದ್ದಾದರೆ, ಆ ಆಯಿಲ್ ಪೈಪ್ ಒಡೆದಾಗ ಬ್ರೇಕಿನ ಜೊತೆಗೆ ಎಂಜಿನ್ನೂ ಹೋಗುತ್ತದೆ. ಪ್ರತಿ ಸರ್ವಿಸಿನಲ್ಲಿಯೂ ಆ ಪೈಪನ್ನು ಕೈಯಿಂದ ಬಾಗಿಸಿ ನೋಡುವುದು ಅಗತ್ಯ. ಬ್ರೇಕ್ ಕೆಲಸವನ್ನು ಸ್ವತಃ ಮಾಡಿದ್ದರೂ ರಸ್ತೆಗೆ ಇಳಿಯುವ ಮೊದಲು ಅನುಭವಿ ಮೆಕ್ಯಾನಿಕ್ ಒಬ್ಬರಿಗೆ ತೋರಿಸಬೇಕೆಂಬುದು ನನ್ನ ನಿಲುವು.

ವೈರಿಂಗ್ ಸರಳ. ಹೆಡ್‌ಲೈಟಿನ ಪೂರ್ಣ ಕರೆಂಟ್ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹೋಗುವ ಜೀಪುಗಳಲ್ಲಿ ರಿಲೇ ಹಾಕಿದರೆ ಅದೇ ಬಲ್ಬು ಹೆಚ್ಚು ಬೆಳಕು ಕೊಡುತ್ತದೆ, ಸ್ವಿಚ್ಚೂ ಸುಡುವುದಿಲ್ಲ. ಸೆಲ್ಫ್ ನಿಧಾನವಾದರೆ ಬ್ಯಾಟರಿ ಬದಲಿಸುವ ಮೊದಲು ಎಂಜಿನ್ನಿನಿಂದ ಚಾಸಿಗೆ ಬರುವ ಅರ್ತ್ ಪಟ್ಟಿಯನ್ನು ಉಜ್ಜಿ ಬಿಗಿಯಬೇಕು.

ಎಕ್ಸ್‌ಡಿಪಿ ಎಂಜಿನ್ನಿಗೆ ಬಿಡಿಭಾಗ ಹುಡುಕುವ ಕಷ್ಟ ಹೆಚ್ಚಿದಂತೆ ಅದನ್ನು ಇಳಿಸಿ ಮಹೀಂದ್ರದ್ದೇ ಆದ 2,523 ಸಿಸಿಯ ಡಿಐ (ಡೀಸೆಲ್ ನೇರವಾಗಿ ಪಿಸ್ಟನ್ನಿನ ಮೇಲೆ ಬೀಳುವ) ಎಂಜಿನ್ ಕೂರಿಸುವವರು ಹೆಚ್ಚಿದ್ದಾರೆ. ಅದಕ್ಕೆ ಹೀಟರ್ ಪ್ಲಗ್ಗಿನ ಗೊಡವೆಯಿಲ್ಲ, ಎಳೆತ ಹೆಚ್ಚು, ಬಿಡಿಭಾಗಗಳು ಹಳ್ಳಿಯ ಅಂಗಡಿಯಲ್ಲಿಯೂ ಸಿಗುತ್ತವೆ. ಸದ್ದು ಮತ್ತು ನಡುಕ ಮಾತ್ರ ಒರಟು. ಯಾಂತ್ರಿಕವಾಗಿ ಇದು ಸಮರ್ಥನೀಯ ಬದಲಾವಣೆ. ಆದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ನಮೂದಿಸಿಕೊಳ್ಳದೆ ಇದನ್ನು ಮಾಡಬಾರದು. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಿಯಾಗುತ್ತದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಹದಿನೈದು ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾಗಿರುವುದರಿಂದ ಈ ಸಂಗತಿ ಎಂದಾದರೊಂದು ದಿನ ತಪಾಸಣೆಗೆ ಬಂದೇ ಬರುತ್ತದೆ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳೂ ಶಿವಾಜಿನಗರದ ಗುಜರಿಗಳೂ ಇಂದಿಗೂ ನೆರವಾಗುತ್ತವೆ. ರಬ್ಬರ್ ಸೀಲ್, ಬೇರಿಂಗ್, ಬ್ರೇಕ್ ಸಿಲಿಂಡರ್‌ಗಳನ್ನು ಹೊಸದಾಗಿಯೇ ಕೊಳ್ಳಬೇಕು. ಹೌಸಿಂಗ್, ಗೇರ್‌ಬಾಕ್ಸ್ ಕವಚ, ಬ್ರಾಕೆಟ್‌ಗಳಂಥವನ್ನು ಹಳೆಯದರಲ್ಲಿ ಆರಿಸಿದರೆ ಹೊಸ ನಕಲುಗಳಿಗಿಂತ ಗಟ್ಟಿಯಾದವು ಸಿಗುತ್ತವೆ.

ಕೊಳ್ಳುವವರು ಎಂಜಿನ್ನಿಗಿಂತ ಮೊದಲು ಚಾಸಿಯ ಕೆಳಗೆ ಮಲಗಿ, ಬಾಡಿ ಕೂರುವ ಬ್ರಾಕೆಟ್‌ಗಳನ್ನೂ ಪ್ಲೇಟಿನ ಹ್ಯಾಂಗರುಗಳನ್ನೂ ಸುತ್ತಿಗೆಯಿಂದ ತಟ್ಟಿ ನೋಡಬೇಕು, ಏಕೆಂದರೆ ಮಲೆನಾಡಿನ ಮಳೆ ಇದನ್ನು ಒಳಗಿನಿಂದ ತಿನ್ನುತ್ತದೆ ಮತ್ತು ಮೇಲಿನ ಹೊಸ ಬಣ್ಣ ಅದನ್ನು ಮುಚ್ಚಿಡುತ್ತದೆ. ತೊಂದರೆ ಕೊಡುವ ಎಂಜಿನ್ನನ್ನು ಒಂದೊಂದೇ ಭಾಗವಾಗಿ ಸರಿಪಡಿಸಬಹುದು, ಚಾಸಿ ಕೊಳೆತರೆ ಅಂಗಳದಲ್ಲಿ ಮಾಡಲು ಏನೂ ಇರುವುದಿಲ್ಲ. ದೊಡ್ಡ ಟೈರು, ಎತ್ತರದ ಶಾಕಲ್ ಮತ್ತು ಮಿರುಗುವ ಬಂಪರುಗಳಿರುವ ಜೀಪೊಂದು, ಮಾಸಿದ ಬಣ್ಣದ್ದಾದರೂ 6.00-16 ಟೈರುಗಳ ಮೇಲೆ ಕಾರ್ಖಾನೆಯಿಂದ ಬಂದ ರೂಪದಲ್ಲಿಯೇ ಉಳಿದಿರುವ ಜೀಪೊಂದು ಒಂದೇ ಬೆಲೆಗೆ ಸಿಕ್ಕರೆ, ಚಾಸಿ ಗಟ್ಟಿಯಿರುವ ಎರಡನೆಯದನ್ನೇ ಕೊಳ್ಳಿ.