ನಾಯಿ ಕೊಡಲು ಸತಾಯಿಸುವ ಶೆಲ್ಟರ್, ಅದಕ್ಕೇ ನಾಲ್ಕು ಸ್ಟಾರ್

ಬೆಳಗಾವಿ ಊರ ಹೊರಗಿನ ಈ ಶೆಲ್ಟರಿನ ಹೆಸರು ಬರೆಯುತ್ತಿಲ್ಲ. ಬರೆಯಬೇಡಿ ಅಂತ ಅವರೇ ಹೇಳಿದ್ದಾರೆ. ಹೆಸರು ನಾಲ್ಕು ಜನರಿಗೆ ಗೊತ್ತಾದರೆ ಸಾಕು, ರಾತ್ರಿ ಯಾರೋ ಬಂದು ಗೇಟಿನ ಮುಂದೆ ಮರಿಗಳ ಚೀಲ ಇಟ್ಟು ಹೋಗುತ್ತಾರಂತೆ. ನಿಜವಾಗಲೂ ನಾಯಿ ಸಾಕುವ ಮನಸ್ಸಿದ್ದರೆ ನಿಮ್ಮ ಪಶುವೈದ್ಯರನ್ನೇ ಕೇಳಿ. ನಮಗೂ ದಾರಿ ತೋರಿಸಿದ್ದು ಅವರೇ.

ಸಂಜೆ ಹೋಗಿ ರಾತ್ರಿಯೊಳಗೆ ನಾಯಿ ತರಬೇಕು ಅನ್ನುವವರಿಗೆ ಇದು ಸರಿಹೋಗುವ ಜಾಗ ಅಲ್ಲ. ನಮಗೆ ಮೊದಲ ಸಲ ಕೊಡಲೇ ಇಲ್ಲ. ಮನೆ ಬಾಡಿಗೆಯದೋ ಸ್ವಂತದ್ದೋ, ಮಾಲೀಕರು ಒಪ್ಪಿದ್ದಾರಾ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ಅತ್ತೆಯವರಿಗೆ ನಾಯಿ ಅಂದರೆ ಹೇಗೆ? ನನ್ನ ಮದುವೆ ಮಾತುಕತೆಯಲ್ಲೂ ಇಷ್ಟು ಕೇಳಿರಲಿಲ್ಲ. ಆಮೇಲೆ ಒಬ್ಬ ಹುಡುಗ ಟಿಳಕವಾಡಿಯ ನಮ್ಮ ಮನೆಗೇ ಬಂದು ಕಾಂಪೌಂಡ್ ನೋಡಿದ. "ಅಕ್ಕಾರ, ಈ ಗ್ವಾಡಿ ಸಾಲಂಗಿಲ್ರಿ. ಇದು ಮುಧೋಳ ನಾಯಿ. ಬೆಕ್ಕ ಕಂಡ್ರ ಹಾರೇ ಬಿಡತೈತಿ" ಅಂದ. ಗೋಡೆಯ ಮೇಲೆ ತಂತಿ ಜಾಲರಿ ಹಾಕಿಸಿ ಫೋಟೋ ಕಳಿಸಿದ ಮೇಲೇ ನಾಯಿ ಸಿಕ್ಕಿದ್ದು.

ಮುಧೋಳ ನಾಯಿ ಶೆಲ್ಟರಿನಲ್ಲಿ ಯಾಕೆ ಅಂತ ನನಗೂ ಅನ್ನಿಸಿತ್ತು. ಈ ತಳಿಗೆ ಅಂತಲೇ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಇದೆ, 2005ರಲ್ಲಿ ಅಂಚೆಚೀಟಿ ಬಂದಿದೆ, ಸೇನೆಯವರೂ ಒಯ್ದು ತರಬೇತಿ ಕೊಟ್ಟಿದ್ದಾರೆ. ಜನ ಹೆಮ್ಮೆಯಿಂದ ಮರಿ ತರುತ್ತಾರೆ. ದೊಡ್ಡದಾದ ಮೇಲೆ ಅದಕ್ಕೆ ಓಡಲು ಜಾಗ ಬೇಕು ಅಂತ ಗೊತ್ತಾಗುತ್ತದೆ, ಒಂದು ದಿನ ಹೈವೇ ಪಕ್ಕ ಬಿಟ್ಟು ಬರುತ್ತಾರೆ. ನಮ್ಮದು ಸಿಕ್ಕಿದ್ದೂ ಹಾಗೇ.

ಶೆಲ್ಟರಿನ ಹುಡುಗರು ಇಟ್ಟ ಹೆಸರು ಗಿರ್ಮಿಟ್. ನಾವೂ ಬದಲಿಸಲಿಲ್ಲ. ಹೆಸರು ಏನೇ ಇರಲಿ, ಗಿರ್ಮಿಟ್ ಮಾತ್ರ ಅದಕ್ಕೆ ತಿನ್ನಿಸುವಂತಿಲ್ಲ. ಆ ಮಂಡಕ್ಕಿ ತಿಂಡಿಗೆ ಹಾಕುವ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ನಾಯಿಯ ರಕ್ತಕಣಗಳನ್ನು ಹಾಳು ಮಾಡುತ್ತದೆ.

ನಾನು ಜಾಸ್ತಿ ಮೆಚ್ಚಿದ್ದು ಅವರು ಏನನ್ನೂ ಮುಚ್ಚಿಡದೆ ಹೇಳಿದ್ದನ್ನು. ಪೊರಕೆ ಎತ್ತಿದರೆ ಹೆದರುತ್ತದೆ, ಊಟದ ಹೊತ್ತಿಗೆ ತಟ್ಟೆಯ ಹತ್ತಿರ ಹೋದರೆ ಗುರ್ ಅನ್ನುತ್ತದೆ, ಕೋಳಿ ಇರುವ ಮನೆಗೆ ಆಗುವುದಿಲ್ಲ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಈ ತಳಿಗೆ ತಲೆ ಸಣ್ಣದು, ಕತ್ತು ದಪ್ಪ. ಮಾಮೂಲಿ ಬೆಲ್ಟ್ ಹಾಕಿದರೆ ಹಿಂದಕ್ಕೆ ಎಳೆದು ಸಲೀಸಾಗಿ ಕಳಚಿಕೊಳ್ಳುತ್ತದೆ. ಅದಕ್ಕೇ ಎದೆಗೆ ಹಾಕುವ ಹಾರ್ನೆಸ್ ಜೊತೆಗೆ, ಎಳೆದಾಗ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟನ್ನೂ ಕೊಟ್ಟರು. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಕೆಲವು ಅರಿವಳಿಕೆ ಮದ್ದು ಬೇಗ ಇಳಿಯುವುದಿಲ್ಲವಂತೆ. ಆಪರೇಷನ್ ಅಂತ ಬಂದರೆ ಡಾಕ್ಟರಿಗೆ ಮೊದಲು ತಳಿ ಹೇಳಿ ಅಂತಲೂ ಅದೇ ಹಾಳೆಯಲ್ಲಿತ್ತು. ದುಡ್ಡು ಕೊಟ್ಟು ಮರಿ ತಂದವರಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ?

ಮೂರು ದಿನ ಹೆದರಿಕೆ, ಮೂರು ವಾರಕ್ಕೆ ಮನೆಯ ರೂಢಿ, ಮೂರು ತಿಂಗಳಿಗೆ ನಿಮ್ಮದು ಅಂತ ಒಂದು ಲೆಕ್ಕ ಎಲ್ಲರೂ ಹೇಳುತ್ತಾರೆ. ನಮ್ಮ ಗಿರ್ಮಿಟ್ ಈ ಲೆಕ್ಕ ಓದಿರಲಿಲ್ಲ. ಮೂರು ದಿನ ಕಳೆದರೂ ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ಫೋನ್ ಮಾಡಿದರೆ ಶೆಲ್ಟರಿನ ಆ ಹುಡುಗ, "ಎಳೀಬ್ಯಾಡ್ರಿ, ಕರೀಲೂಬ್ಯಾಡ್ರಿ. ಅಲ್ಲೇ ಬಟ್ಟಲಾ ಇಟ್ಟು ಸುಮ್ನ ನಿಮ್ಮ ಕೆಲಸ ಮಾಡ್ಕೋರಿ" ಅಂದ. ಹಾಗೇ ಮಾಡಿದೆವು. ಬಂಧುಗಳಿಗೆ ಸದ್ಯ ಬರಬೇಡಿ ಅಂದೆವು. ಶೆಲ್ಟರಿನಲ್ಲಿ ಹಾಕುತ್ತಿದ್ದ ಅನ್ನ-ಕೋಳಿಯನ್ನೇ ಮುಂದುವರಿಸಿ, ಸ್ವಲ್ಪ ಸ್ವಲ್ಪವಾಗಿ ನಮ್ಮ ಮನೆಯ ಜೋಳದ ರೊಟ್ಟಿ ಸೇರಿಸಿದೆವು. ಒಮ್ಮೆಲೇ ಬದಲಿಸಿದರೆ ಹೊಟ್ಟೆ ಕೆಡುತ್ತದೆ. ಕೊನೆಗೆ ಅದು ಮೊದಲು ಹೋಗಿ ಕೂತಿದ್ದು ನಾಯಿ ಅಂದರೆ ಮಾರು ದೂರ ಇರುತ್ತಿದ್ದ ನಮ್ಮ ಅತ್ತೆಯ ಪಕ್ಕ! ಅವರೊಬ್ಬರೇ ಅದನ್ನು ಮುದ್ದು ಮಾಡಲು ಹೋಗಿರಲಿಲ್ಲ, ಅಲ್ವಾ.

ಬೆಳಗಾವಿಯಲ್ಲಿ ನಿಜವಾದ ಪರೀಕ್ಷೆ ಬರುವುದು ಗಣಪತಿ ಹಬ್ಬಕ್ಕೆ. ವಿಸರ್ಜನೆ ಮೆರವಣಿಗೆ ಇಲ್ಲಿ ಮರುದಿನದವರೆಗೂ ನಡೆಯುತ್ತದೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ದೀಪಾವಳಿ, ನವೆಂಬರ್ 1ಕ್ಕೆ ರಾಜ್ಯೋತ್ಸವದ ಡಿಜೆ. ಹಬ್ಬದ ಹಿಂದಿನ ವಾರ ಶೆಲ್ಟರಿನಿಂದ ತಾನಾಗಿಯೇ ವಾಯ್ಸ್ ಮೆಸೇಜ್ ಬಂತು. ಒಳಗಿನ ಕೋಣೆ ಗೊತ್ತು ಮಾಡಿ, ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿ ಹಾಕಿ, ಕತ್ತಲಾಗುವ ಮೊದಲೇ ವಾಕಿಂಗ್ ಮುಗಿಸಿ, ಮಾತ್ರೆ ಬೇಕಾದರೆ ಡಾಕ್ಟರನ್ನು ಈಗಲೇ ಕೇಳಿ, ಮನುಷ್ಯರ ನಿದ್ದೆ ಮಾತ್ರೆ ಕೊಡಬೇಡಿ. ಗಿರ್ಮಿಟ್ ಆ ರಾತ್ರಿ ನಡುಗಿತು, ನಿಜ. ಆದರೆ ಗೇಟಿನ ಕಡೆ ಓಡಲಿಲ್ಲ. ಹಬ್ಬದ ದಿನಗಳಲ್ಲೇ ಊರಿನಲ್ಲಿ ನಾಯಿಗಳು ಜಾಸ್ತಿ ತಪ್ಪಿಸಿಕೊಳ್ಳುವುದು ಅಂತ ಅವರು ಹೇಳಿದ್ದರು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಕಾಗದಪತ್ರಕ್ಕೆ. ಸಂತಾನಹರಣ ಆಪರೇಷನ್ ಆಗಿತ್ತು, ಜಂತು ಮದ್ದೂ ಕೊಟ್ಟಿದ್ದರು. ಆದರೆ ಲಸಿಕೆ ಕಾರ್ಡಿನಲ್ಲಿ ರೇಬೀಸ್ ಮುಂದೆ ಬರೀ ಒಂದು ಟಿಕ್. ತಾರೀಖಿಲ್ಲ, ಸೀಸೆಯ ಸ್ಟಿಕರ್ ಇಲ್ಲ, ಡಾಕ್ಟರ ಸಹಿ ಇಲ್ಲ. ಮತ್ತೊಮ್ಮೆ ಹಾಕಿಸಿದರೆ ತೊಂದರೆಯಿಲ್ಲ ಅಂತ ನಮ್ಮ ಡಾಕ್ಟರು ಹೊಸದಾಗಿ ಹಾಕಿ, ವರ್ಷಕ್ಕೊಮ್ಮೆ ಬೂಸ್ಟರ್ ಬರೆದರು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನಬೇಕು. ಅಂಥ ಕಡೆ ಟಿಕ್ ನಂಬಲಾಗುವುದಿಲ್ಲ. ಕಾಂಪೌಂಡ್ ನೋಡಲು ಇರುವ ಶಿಸ್ತು ಕಾರ್ಡಿಗೂ ಇರಲಿ. ನೀವು ಹೋದರೆ ಕಾರ್ಡನ್ನು ಅಲ್ಲೇ ನಿಂತು ಓದಿ, ಖಾಲಿ ಇದ್ದರೆ ತುಂಬಿಸಿಕೊಂಡೇ ಬನ್ನಿ.

ನಾಯಿಗೆ ಅಂತ ದುಡ್ಡು ಕೇಳುವುದಿಲ್ಲ. ದೇಣಿಗೆ ಕೊಟ್ಟರೆ ರಸೀದಿ ಕೊಡುತ್ತಾರೆ. ಹೊಂದಿಕೆ ಆಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆ, ಬೀದಿಗೆ ಮಾತ್ರ ಬಿಡಬೇಡಿ ಅಂತ ಬರೆದು ಸಹಿ ಮಾಡಿಸಿಕೊಳ್ಳುತ್ತಾರೆ. ಮಧ್ಯಾಹ್ನ ಫೋನ್ ಎತ್ತುವುದಿಲ್ಲ, ಬೆಳಿಗ್ಗೆ ಮಾಡಿ. ಹೋಗುವಾಗ ಬಿಸ್ಕೀಟ್ ಪುಡಿಕೆ ಬೇಡ, ಗೇಟಿನಲ್ಲೇ ವಾಪಸ್ ಕೊಡುತ್ತಾರೆ. ಹಳೆ ಬೆಡ್‌ಶೀಟ್ ಒಯ್ಯಿರಿ, ಮಳೆಗಾಲದಲ್ಲಿ ಎಷ್ಟಿದ್ದರೂ ಸಾಲುವುದಿಲ್ಲ ಅಂತಾರೆ.