ಕಾಲು ಕತ್ತರಿಸಿದ ಹಲಸಿನ ಮೇಜು: ಮೂರು ಮಳೆಗಾಲದ ನಂತರ

ಮೊದಲೇ ಹೇಳಿಬಿಡುತ್ತೇನೆ, ಇದು ಅಂಗಡಿಯಲ್ಲಿ ಹೊಸದಾಗಿ ಸಿಗುವ ಟೀಪಾಯಿ ಅಲ್ಲ. ಕಾರವಾರದಲ್ಲಿ ಹಳೇ ಸಾಮಾನು ಮಾರುವವರ ಹತ್ತಿರ 1,500 ರೂಪಾಯಿಗೆ ಸಿಕ್ಕ ಬರೆಯುವ ಮೇಜು. ಅದರ ಕಾಲು ಕತ್ತರಿಸಿ ಟೀಪಾಯಿ ಮಾಡಿಸಿಕೊಂಡೆ. ಮೂರು ಮಳೆಗಾಲ ಕಳೆದಿದೆ, ಈಗ ಧೈರ್ಯವಾಗಿ ಬರೆಯಬಹುದು ಅನ್ನಿಸಿತು.

ಇದಕ್ಕೂ ಮುಂಚೆ ಒಂದು ತಪ್ಪು ಮಾಡಿದ್ದೆ. ಕೈಯಲ್ಲಿದ್ದದ್ದು ಮೂರು ಸಾವಿರ. ಆನ್‌ಲೈನಿನಲ್ಲಿ 2,300ಕ್ಕೆ ಒಂದು ಟೇಬಲ್ ತರಿಸಿದೆ. ಫೋಟೋದಲ್ಲಿ ಎಷ್ಟು ಚೆಂದ ಅಂದರೆ, ಅದರ ಮೇಲಿಟ್ಟ ಹೂದಾನಿಯೂ ಬರುತ್ತದೇನೋ ಅನ್ನಿಸುವ ಹಾಗೆ. ಬಂದದ್ದು ಪಾರ್ಟಿಕಲ್ ಬೋರ್ಡ್. ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಮೇಲೊಂದು ಮರದ ಬಣ್ಣದ ಹಾಳೆ. ಒಣ ಊರಿನಲ್ಲಿ ನಾಲ್ಕು ವರ್ಷ ಬಾಳಿದರೂ ಬಾಳೀತು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಜುಲೈನಲ್ಲಿ ಮಡಚಿಟ್ಟ ಬಟ್ಟೆಯೇ ಹಸಿ ಹಸಿ. ಅಂಚಿನ ಪಟ್ಟಿ ಬಿಟ್ಟ ಕಡೆ ತೇವ ಒಳಗೆ ಹೋಗಿ ಆಗಸ್ಟ್ ಹೊತ್ತಿಗೆ ಮೂಲೆ ಬನ್ನಿನ ಹಾಗೆ ಉಬ್ಬಿತು. ಹಾಗೆ ಉಬ್ಬಿದ್ದು ಒಣಗಿದರೂ ಮೊದಲಿನಂತಾಗುವುದಿಲ್ಲ. ಸ್ಕ್ರೂ ಬಿಗಿ ಮಾಡಲು ಹೋದರೆ ಸುಮ್ನೆ ತಿರುಗುತ್ತಲೇ ಇತ್ತು, ಹಿಡಿಯಲು ಒಳಗೆ ಏನೂ ಉಳಿದಿರಲಿಲ್ಲ.

ಹಾಗಾಗಿ ಎರಡನೇ ಸಲ ಚೆಂದ ನೋಡಲಿಲ್ಲ, ಮರ ನೋಡಿದೆ. ಕಾರವಾರದಲ್ಲಿ ಒಂದು ಅನುಕೂಲ ಇದೆ. ನೌಕಾನೆಲೆಯವರು, ಕೈಗಾ ಅಣು ವಿದ್ಯುತ್ ಸ್ಥಾವರದವರು, ಬೇರೆ ಸರ್ಕಾರಿ ನೌಕರರು ವರ್ಗವಾಗುತ್ತಲೇ ಇರುತ್ತಾರೆ. ಸಾಗಿಸುವ ಖರ್ಚಿಗೆ ಹೆದರಿ ಸಾಮಾನು ಕೊಟ್ಟು ಹೋಗುವವರು ಇದ್ದೇ ಇರುತ್ತಾರೆ. ಆದರೆ ಅವರು ಮಾರುವ ಟೀಪಾಯಿಗಳಿಗೂ ಟೀಪಾಯಿಯ ರೇಟೇ. ನನಗೆ ಕಂಡದ್ದು ಮೂಲೆಯಲ್ಲಿ, ಮುರಿದ ಕುರ್ಚಿಗಳ ಕೆಳಗೆ ಸಿಕ್ಕಿಕೊಂಡಿದ್ದ ಈ ಮೇಜು. ಮೂರೂವರೆ ಅಡಿ ಉದ್ದ, 22 ಇಂಚು ಅಗಲ. ಮೇಲೆಲ್ಲ ಮಸಿ, ಒಂದು ಕಡೆ ಶಾಯಿ ಚೆಲ್ಲಿದ ಕಲೆ. ನಾಲ್ಕು ಕಾಲಿನ ತುದಿಯೂ ಗೆದ್ದಲು ತಿಂದು, ನೀರು ಕುಡಿದು ಮೆತ್ತಗಾಗಿತ್ತು. ನಿಲ್ಲಿಸಿದರೆ ಅಲ್ಲಾಡುತ್ತಿತ್ತು. ಯಾರೂ ಕೇಳದೆ ಬಿದ್ದಿದ್ದು ಅದಕ್ಕೇ.

ಟೀಪಾಯಿಗೆ ಅಷ್ಟು ಉದ್ದದ ಕಾಲೇ ಬೇಡವಲ್ಲ! ಹಾಳಾದ ಭಾಗ ಹೇಗೂ ಕತ್ತರಿಸಿ ಎಸೆಯುವಂಥದ್ದು. ಅಡಿಭಾಗವನ್ನು ನಾಣ್ಯದಿಂದ ಕೆರೆದು ನೋಡಿದೆ, ಕೊಳೆಯ ಕೆಳಗೆ ಹಳದಿ ಕಂಡಿತು. ಹಲಸು. ಬೆರಳಲ್ಲಿ ಬಡಿದರೆ ಹಲಗೆ ಎಲ್ಲೂ ಪೊಳ್ಳು ಸದ್ದು ಮಾಡಲಿಲ್ಲ. ಎರಡು ಸಾವಿರ ಹೇಳಿದವರು ಕಾಲು ತೋರಿಸಿದ ಮೇಲೆ ಒಂದೂವರೆಗೆ ಬಂದರು. ಮನೆಗೆ ತರಲು ರಿಕ್ಷಾಕ್ಕೆ 200.

ಪರಿಚಯದ ಆಚಾರಿಯವರೊಬ್ಬರು ಬಂದು ನೋಡಿ, "ಪಣಸ" ಎಂದು ಕೊಂಕಣಿಯಲ್ಲಿ ಹೇಳಿ ತಲೆಯಾಡಿಸಿದರು. "ಎಷ್ಟು ಎತ್ತರ ಬೇಕು ಬಾಯಿ?" ಎಂದು ಕೇಳಿದರು. ನಮ್ಮ ಸೋಫಾದ ಕೂರುವ ಭಾಗ ನೆಲದಿಂದ 17 ಇಂಚು. ಟೀಪಾಯಿ ಅದಕ್ಕಿಂತ ಒಂದೆರಡು ಇಂಚು ತಗ್ಗಿದ್ದರೆ ಕಪ್ಪು ಎತ್ತಲು, ಇಡಲು ಸಲೀಸು. 16 ಎಂದೆ. ಕಾಲುಗಳ ತುದಿ ಒಂದೊಂದು ಒಂದೊಂದು ಥರ ಸವೆದಿದ್ದರಿಂದ ಅವರು ನೆಲದಿಂದ ಅಳೆಯಲಿಲ್ಲ. ಮೇಜನ್ನು ಬೋರಲು ಹಾಕಿ ಹಲಗೆಯ ಕಡೆಯಿಂದ ಗುರುತು ಮಾಡಿ ಕೊಯ್ದರು. ನಾನೇ ಗರಗಸ ಹಿಡಿಯೋಣ ಅಂದುಕೊಂಡಿದ್ದೆ, ಹಿಡಿಯದೇ ಇದ್ದದ್ದು ಒಳ್ಳೆಯದಾಯಿತು. ಒಂದು ಕಾಲು ಹೆಚ್ಚಾಯಿತೆಂದು ಅದನ್ನು, ಆಮೇಲೆ ಇನ್ನೊಂದನ್ನು ಕತ್ತರಿಸುತ್ತಾ ಹೋಗಿದ್ದರೆ ಕೊನೆಗೆ ಮಣೆಯೇ ಉಳಿಯುತ್ತಿತ್ತು. ಜೋಡಣೆಗಳನ್ನೂ ಬಿಗಿ ಮಾಡಿಸಿ ಅವರಿಗೆ ಕೊಟ್ಟದ್ದು 700.

ಉಜ್ಜುವುದು, ಪಾಲಿಶ್ ಮಾಡುವುದು ನನ್ನ ಪಾಲು. ಪಾಲಿಶ್ ಪೇಪರ್ ನಂಬರ್ 80, 120, 220, ಹೀಗೆ ಒರಟಿನಿಂದ ನಯಕ್ಕೆ. ಎರಡು ಭಾನುವಾರ ಹೋಯಿತು, ಮೂಗೆಲ್ಲ ಹಳದಿ ಪುಡಿ. ಶಾಯಿ ಕಲೆ ಮಾತ್ರ ಹೋಗಲಿಲ್ಲ, ಬಿಟ್ಟೆ. ಈಗ ಬಂದವರೆಲ್ಲ ಅದನ್ನೇ ಬೆರಳಿಟ್ಟು ಕೇಳುತ್ತಾರೆ. ಮೇಲೆ ಅರಗಿನ ಪಾಲಿಶ್, ಕಾಲಿನ ಕೊಯ್ದ ತುದಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಗೆದ್ದಲಿಗೆ ನಮ್ಮ ಕರಾವಳಿಯ ಹಳೇ ಮದ್ದು ಅದು. ಕೈಗೆ ತಾಗಿದರೆ ಚರ್ಮ ಸುಟ್ಟು ಏಳುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ. ಅದು ಒಣಗಿದ ಮೇಲೆ ಊರುಗೋಲಿಗೆ ಹಾಕುವ ರಬ್ಬರ್ ಬುಷ್ ನಾಲ್ಕು. ಸಾಮಾನಿಗೆ ಒಟ್ಟು 420. ಅಲ್ಲಿಗೆ 2,820 ಆಯಿತು. ಮೊದಲನೆಯದರ 2,300 ಯಾರು ಕೂಡಿಸುತ್ತಾರೆ ಎಂದು ನಮ್ಮನೆಯವರು ಈಗಲೂ ಕೇಳುತ್ತಾರೆ.

ಶಿರಸಿಯಿಂದ ಆಯಿ ಬಂದವಳು ನೋಡಿ, "ಮಣೆಗೆ ಕಾಲು ಬಂದಾಂಗೆ ಇದ್ದು" ಎಂದಳು. ಹೊಗಳಿದಳೋ ಏನೋ, ಗೊತ್ತಾಗಲಿಲ್ಲ.

ಈಗ ಬಳಕೆಯ ಮಾತು. ಬಣ್ಣದ ವಿಷಯದಲ್ಲಿ ಹಲಸಿಗೆ ಪೂರ್ತಿ ಅಂಕ. ಮೊದಲ ವರ್ಷ ಅರಿಸಿನ ಹಚ್ಚಿದ ಹಾಗಿತ್ತು, ಈಗ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿದೆ. ಕಿಟಕಿಯ ಬಿಸಿಲು ಬೀಳುವ ಕಡೆ ಇನ್ನೂ ಗಾಢ. ಗೆದ್ದಲು ಹತ್ತಿರ ಸುಳಿದಿಲ್ಲ.

ಅರಗಿನ ಪಾಲಿಶ್ ಬಗ್ಗೆ ಅಷ್ಟು ಖುಷಿ ಇಲ್ಲ. ಬಿಸಿ ಲೋಟ ಇಟ್ಟಲ್ಲಿ ಬಿಳಿ ಉಂಗುರ. ಸ್ಪಿರಿಟ್ ಸ್ವಲ್ಪವೇ ತಾಗಿದ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ ನಿಜ, ಆದರೆ ಅದೇ ಗುಣದಿಂದ ಸ್ಯಾನಿಟೈಸರ್ ಚೆಲ್ಲಿದರೆ ಪಾಲಿಶೇ ಕರಗುತ್ತದೆ. ಚೌತಿಯ ದಿನ ನೆಂಟರ ಮಗು ಬಾಟಲಿ ಒತ್ತಿ ತೋರಿಸಿಕೊಟ್ಟಿತು. ಮೊದಲನೇ ಮಳೆಗಾಲದಲ್ಲಿ ಹಲಗೆಯ ಅಡಿಗೆ ಬೂಷ್ಟು ಬಂತು, ಮೇಲ್ಮೈ ಸ್ವಲ್ಪ ಬಾಗಿತು ಕೂಡ. ತಪ್ಪು ನನ್ನದೇ. ಕಾಣುವುದಿಲ್ಲವಲ್ಲ ಎಂದು ಅಡಿಗೆ ಪಾಲಿಶ್ ಹಾಕಿರಲಿಲ್ಲ, ಹಾಗಾಗಿ ಕೆಳಗಿನ ಕಡೆಯೇ ತೇವ ಜಾಸ್ತಿ ಕುಡಿದಿತ್ತು. ಒಣಗಿಸಿ ಎರಡೂ ಕಡೆ ಹಾಕಿದ ಮೇಲೆ ಮತ್ತೆ ಬಂದಿಲ್ಲ.

ಚಳಿಗಾಲದಲ್ಲಿ ಘಟ್ಟದ ಕಡೆಯಿಂದ ಒಣಗಾಳಿ ಬೀಸಲು ಶುರುವಾದರೆ ಎರಡು ಹಲಗೆಗಳ ನಡುವೆ ಸಂದು ಬಿಡುತ್ತದೆ, ಮಳೆ ಬಂದರೆ ತಾನೇ ಮುಚ್ಚುತ್ತದೆ. ಮರ ಅಂದಮೇಲೆ ಅಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಬಿಸ್ಕತ್ತಿನ ಪುಡಿ ಅಲ್ಲಿ ಸೇರಿ ಇರುವೆ ಸಾಲು ಹಿಡಿದಾಗ ಮಾತ್ರ ಸಿಟ್ಟು ಬರುತ್ತದೆ.

ನೋಟದಲ್ಲೂ ಒಂದು ಊನ ಇದೆ. ಮೂಲ ಕಾಲುಗಳು ಕೆಳಗೆ ಹೋದಂತೆ ಸಪೂರವಾಗುತ್ತಿದ್ದವು. ಆ ಸಪೂರ ಭಾಗವೇ ಹೋದದ್ದರಿಂದ ಉಳಿದದ್ದು ಆನೆಕಾಲು. ಹೀಗೆ ಮಾಡಿಸುವವರು ನೇರ ಕಾಲಿನ ಮೇಜು ಹುಡುಕಿ. ಕೊಳ್ಳುವ ಮುಂಚೆ ಅದೇ ಅಳತೆಯ ಪೇಪರ್ ನೆಲದ ಮೇಲೆ ಹಾಸಿ ಎರಡು ದಿನ ಓಡಾಡಿ ನೋಡಿ. ಸೋಫಾದಿಂದ ಒಂದೂವರೆ ಅಡಿ ಜಾಗ ಬಿಟ್ಟೂ ನನ್ನ ಮೊಣಕಾಲು ಮೂಲೆಗೆ ಎಷ್ಟು ಸಲ ಬಡಿದಿದೆಯೋ ಲೆಕ್ಕವಿಲ್ಲ. ಕೊನೆಗೆ ಆಚಾರಿಯವರನ್ನೇ ಕರೆಸಿ ಮೂಲೆಗಳನ್ನು ದುಂಡಗೆ ಮಾಡಿಸಿದೆ. ಅವರು ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ, ಟೀ ಕುಡಿದು ಹೋದರು.

ತೂಕ ಮಾತ್ರ ವಿಪರೀತ. ಇಬ್ಬರಿಲ್ಲದೆ ಕದಲುವುದಿಲ್ಲ. ಬರುವ ಮೇ ತಿಂಗಳಲ್ಲಿ ಮನೆ ಬದಲಿಸುವವರಿದ್ದೇವೆ. ಹೊಸ ಮನೆ ಎರಡನೇ ಮಹಡಿಯಲ್ಲಿದೆ, ಮೆಟ್ಟಿಲಿನ ತಿರುವು ಬಹಳ ಕಿರಿದು. ಬಾಡಿಗೆ ಕೇಳುವ ಮೊದಲು ಟೇಪ್ ಹಿಡಿದು ಅದನ್ನೇ ಅಳೆದು ಬಂದೆ. ಮೇಜನ್ನು ಅಡ್ಡ ಮಲಗಿಸಿದರೆ ಎರಡು ಇಂಚು ಮಿಗುತ್ತದೆ.